ಹನ್ನೆರಡೇ ಚಾನ್ಸು!

ವೀಕ್ಷಕರೇ, ಇವತ್ತು ರಾಜಕೀಯ ಬೇಡ. ಒಂದು ಹಳೇ ಕ್ಯಾಮೆರಾ ಕಥೆ ಹೇಳ್ತೀನಿ.

ನಮ್ಮ ಸೋದರಮಾವನ ಟ್ರಂಕ್‌ನಲ್ಲಿ ಒಂದು ಅಗ್ಫಾ ಕ್ಲಿಕ್ 3 ಸಿಕ್ಕಿತು. ಒಂದು ಕಾಲಕ್ಕೆ ಮಧ್ಯಮ ವರ್ಗದ ಮನೆಮನೆಯ ಕ್ಯಾಮೆರಾ ಅದು. ಒಂದು ರೋಲ್ ಹಾಕಿದರೆ ಹನ್ನೆರಡೇ ಫೋಟೋ. ದಿನಾ ಕ್ಯಾಮೆರಾ ಮುಂದೆ ಕೂರೋನು ನಾನು, ಇದ್ಯಾವ ಮಹಾ ವಿದ್ಯೆ ಅಂದುಕೊಂಡೆ. ಅಮ್ಮನ ಮುಖದ ಹತ್ತಿರ ಹೋಗಿ ಕ್ಲಿಕ್ಕಿಸಿದೆ. ರೋಲ್ ಪೂರ್ತಿ ಸುತ್ತುವ ಮೊದಲೇ ಹಿಂಬದಿ ತೆರೆದೆ. ಬೆಳಕು ನುಗ್ಗಿತು. ಹನ್ನೆರಡರಲ್ಲಿ ಉಳಿದಿದ್ದು ಮೂರು. ಅಮ್ಮನ ಮುಖ ಪೂರಾ ಮಸುಕು.

ಫಿಲ್ಮ್ ತೊಳೆದುಕೊಟ್ಟ ಸ್ಟುಡಿಯೋದ ಹಿರಿಯರು ನಕ್ಕರು. "ಸಾರ್, ಇದರಲ್ಲಿ ಫೋಕಸ್ ತಿರುಗಿಸೋಕೆ ಬರಲ್ಲ. ನೀವೇ ನಾಲ್ಕು ಹೆಜ್ಜೆ ಹಿಂದೆ ಸರೀಬೇಕು" ಅಂದರು.

ಎರಡನೇ ರೋಲ್ ಕೊಂಡೆ. ಡಬ್ಬಿ ಮೇಲೆ ವಿದೇಶಿ ಹೆಸರು. ಹಾಗಾದ್ರೆ ನಮ್ಮ ದೇಶದಲ್ಲಿ ಫಿಲ್ಮ್ ತಯಾರಾಗುತ್ತಲೇ ಇರಲಿಲ್ಲವಾ?

ತಯಾರಾಗುತ್ತಿತ್ತು! ಎಲ್ಲಿ ಗೊತ್ತಾ? ಮೈಸೂರಿನಿಂದ ಬಂಡೀಪುರ ದಾಟಿದರೆ ಸಿಗುವ ಊಟಿಯಲ್ಲಿ. 1960ರಲ್ಲಿ ಸ್ಥಾಪನೆಯಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರ್ಕಾರಿ ಕಂಪನಿ 1967ರಲ್ಲಿ ಉತ್ಪಾದನೆ ಶುರು ಮಾಡಿತು. ಕಪ್ಪು-ಬಿಳುಪು ರೋಲ್, ಸಿನಿಮಾ ಫಿಲ್ಮ್, ಆಸ್ಪತ್ರೆಯ ಎಕ್ಸ್‌ರೇ ಫಿಲ್ಮ್, ಎಲ್ಲವೂ ಅಲ್ಲಿಂದ. ಬ್ರ್ಯಾಂಡ್ ಹೆಸರು 'ಇಂದು'. ಇಂದು ಅಂದ್ರೆ ಚಂದ್ರ.

ಆ ಕಂಪನಿ ಏನಾಯಿತು? ಡಿಜಿಟಲ್ ಬಂತು, ಫಿಲ್ಮ್ ಸತ್ತಿತು ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ. ಸ್ವಲ್ಪ ಇಸವಿ ನೋಡಿ. 'ಇಂದು' ಕಂಪನಿಯನ್ನು ರೋಗಗ್ರಸ್ತ ಅಂತ ಘೋಷಿಸಿದ್ದು 1996ರಲ್ಲಿ. ಆಗ ನಿಮ್ಮ ಕೈಯಲ್ಲಿ ಕ್ಯಾಮೆರಾ ಫೋನ್ ಇತ್ತಾ? ನನ್ನ ಕೈಯಲ್ಲಂತೂ ಇರಲಿಲ್ಲ. ಮದುವೆ ಮನೆಗಳಲ್ಲಿ ಇನ್ನೂ ರೋಲ್‌ಗಟ್ಟಲೆ ಫಿಲ್ಮ್ ಸುಡುತ್ತಿದ್ದ ಕಾಲ ಅದು. 1991ರ ನಂತರ ಮಾರುಕಟ್ಟೆ ತೆರೆದುಕೊಂಡಿತು. ಒಂದು ಕಡೆ ವಿದೇಶಿ ಫಿಲ್ಮ್‌ಗಳ ಪೈಪೋಟಿ, ಇನ್ನೊಂದು ಕಡೆ ಸಾಲದ ಹೊರೆ. ಡಿಜಿಟಲ್ ಬರುವ ಹೊತ್ತಿಗೆ ಕಂಪನಿ ಆಗಲೇ ಹಾಸಿಗೆ ಹಿಡಿದಿತ್ತು.

ಅತ್ತ ಅಮೆರಿಕದ ಕೊಡಾಕ್ ನೋಡಿ. 1975ರಲ್ಲೇ ಅವರ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಡಿಜಿಟಲ್ ಕ್ಯಾಮೆರಾ ಮಾಡಿ ತೋರಿಸಿದ್ದ. ಆದರೂ ಕಂಪನಿ ಫಿಲ್ಮ್‌ನ ಲಾಭವನ್ನೇ ನೆಚ್ಚಿ ಕೂತಿತು. 2012ರಲ್ಲಿ ದಿವಾಳಿ ಅರ್ಜಿ ಹಾಕಿತು. ಆದರೆ ಕೊಡಾಕ್ ಹೆಸರಿನ ಫಿಲ್ಮ್ ಇವತ್ತಿಗೂ ಸಿಗುತ್ತೆ. ನಮ್ಮ 'ಇಂದು' ಮಾತ್ರ ನಿನ್ನೆಯಾಗಿ ಹೋಯಿತು. ಅದನ್ನೇ ನಂಬಿದ್ದ ಕಾರ್ಮಿಕರ ಕಥೆ ಎಷ್ಟು ಚಾನೆಲ್‌ಗಳಲ್ಲಿ ಬಂತು? ನಾವೂ ಮಾಡಲಿಲ್ಲ. ಒಪ್ಪಿಕೊಳ್ತೀನಿ.

ಹೋದ ಭಾನುವಾರ ಅಮ್ಮನನ್ನು ಮತ್ತೆ ಅಂಗಳದಲ್ಲಿ ಕೂರಿಸಿದೆ. ಬಿಸಿಲು ನೋಡಿದೆ, ಹಿಂದೆ ಸರಿದೆ, ಉಸಿರು ಬಿಗಿಹಿಡಿದೆ. ಈ ಸಲ ಮುಖ ಬಂದಿದೆ. ಸ್ಟುಡಿಯೋದಲ್ಲಿ 'ಮೊದಲು ನಾವೇ ತೋರಿಸಬೇಕು' ಅಂತ ಅಳುವವರ ಮುಖಕ್ಕೆ ಕ್ಯಾಮೆರಾ ಹಿಡಿಯುವಾಗೆಲ್ಲ ಆ ಹಿರಿಯರ ಮಾತು ನೆನಪಾಗುತ್ತೆ: ನಾಲ್ಕು ಹೆಜ್ಜೆ ಹಿಂದೆ ಸರೀಬೇಕು ಸಾರ್.