ಸೋಫಾ ನಡೆದು ಬಂದ ದಾರಿ

ಮನೆಗೆ ಬೇಕಾದ ಸಾಮಾನುಗಳಲ್ಲಿ ಸೋಫಾದಷ್ಟು ಅವಸರದಿಂದ ಕೊಂಡು ಅಷ್ಟೇ ನಿಧಾನವಾಗಿ ಪಶ್ಚಾತ್ತಾಪಪಡುವ ವಸ್ತು ಇನ್ನೊಂದು ಇರಲಾರದು. ಸಂತೆಯಲ್ಲಿ ಬದನೆಕಾಯಿಯನ್ನು ಹೊರಳಿಸಿ ನೋಡುವ ಗೃಹಿಣಿ, ಪಂಚೆಯ ನೂಲನ್ನು ಬೆಳಕಿಗೆ ಹಿಡಿದು ನೋಡುವ ಯಜಮಾನರು, ಇಬ್ಬರೂ ಸೋಫಾದ ಅಂಗಡಿಗೆ ಬಂದಾಗ ಮಾತ್ರ ಬಣ್ಣವನ್ನು ನೋಡಿ, ಎರಡು ನಿಮಿಷ ಕುಳಿತು, ಬೆಲೆ ಮಾತಾಡಿ ಎದ್ದುಬಿಡುತ್ತಾರೆ. ಇದಕ್ಕೆ ಕಾರಣವಿಲ್ಲದೆ ಇಲ್ಲ. ಬದನೆಕಾಯಿಯನ್ನೂ ಪಂಚೆಯನ್ನೂ ಪರೀಕ್ಷಿಸುವ ಕಣ್ಣು ನಮಗೆ ತಲೆತಲಾಂತರದಿಂದ ಬಂದದ್ದು. ಸೋಫಾ ಹಾಗಲ್ಲ; ನಮ್ಮ ನಡುಮನೆಗೆ ಅದು ಇತ್ತೀಚೆಗೆ ಬಂದ ನೆಂಟ. ಹೊಸ ನೆಂಟರು ಬಂದಾಗ ಊರು ಕೇರಿ ವಿಚಾರಿಸುವುದು ನಮ್ಮ ಪದ್ಧತಿ. ಸೋಫಾದ ಊರು ಕೇರಿಯನ್ನೂ ಸ್ವಲ್ಪ ವಿಚಾರಿಸಿಕೊಂಡರೆ ಅದನ್ನು ಆರಿಸುವುದೂ ಕಾಪಾಡುವುದೂ ಸುಲಭವಾಗುತ್ತದೆ.

ಮೊದಲು ಹೆಸರಿನ ವಿಚಾರ. ಸೋಫಾ ಎಂಬುದು ಅರಬ್ಬೀ ಭಾಷೆಯ ‘ಸುಫ್ಫ’ ಎಂಬ ಮಾತಿನಿಂದ ಬಂದದ್ದು. ಅದಕ್ಕೆ ಜಗಲಿ, ಕಟ್ಟೆ ಎಂದು ಅರ್ಥ. ತುರ್ಕಿಯ ಹಳೆಯ ಮನೆಗಳಲ್ಲಿ ಕೋಣೆಗಳ ನಡುವಿನ ಹಜಾರಕ್ಕೇ ಸೋಫಾ ಎಂದು ಹೆಸರಿತ್ತು. 17ನೆಯ ಶತಮಾನದಲ್ಲಿ ಈ ಮಾತು ಯೂರೋಪಿಗೆ ಹೋಯಿತು. ಮೊದಲು ರತ್ನಗಂಬಳಿ ಹಾಸಿದ ಎತ್ತರದ ನೆಲವೆಂಬ ಅರ್ಥದಲ್ಲಿಯೇ ಬಳಕೆಯಾಗಿ, ಆಮೇಲೆ ಕಾಲು, ಬೆನ್ನು, ತೋಳುಗಳುಳ್ಳ ಮೆತ್ತನೆಯ ಆಸನಕ್ಕೆ ನಿಂತಿತು. ಅದರ ಸೋದರನಂತಿರುವ ‘ದಿವಾನ್’ ಪಾರಸಿಯ ಮಾತು. ಮೊದಲು ಲೆಕ್ಕದ ಕಡತ, ಬಳಿಕ ಆಡಳಿತದ ಸಭೆ, ಕೊನೆಗೆ ಆ ಸಭೆಯಲ್ಲಿ ಗೋಡೆಗೆ ಸೇರಿಸಿ ಹಾಕಿದ ಉದ್ದನೆಯ ಪೀಠ, ಹೀಗೆ ಅದರ ಅರ್ಥ ಬೆಳೆಯಿತು. ಪೂರ್ಣಯ್ಯನವರು, ವಿಶ್ವೇಶ್ವರಯ್ಯನವರು ವಹಿಸಿದ ದಿವಾನಗಿರಿಯೂ ನಮ್ಮ ಕೋಣೆಯ ಮೂಲೆಯಲ್ಲಿ ಮಲಗಿರುವ ದಿವಾನವೂ ಒಂದೇ ಮಾತಿನ ಮಕ್ಕಳು!

ಕನ್ನಡದಲ್ಲಿ ‘ಮಣೆ ಹಾಕುವುದು’ ಎಂದರೆ ಮರ್ಯಾದೆ ಕೊಡುವುದು. ಆಸನಕ್ಕೂ ಮರ್ಯಾದೆಗೂ ಇರುವ ಈ ನಂಟು ಎಲ್ಲ ದೇಶಗಳಲ್ಲಿಯೂ ಉಂಟು. ಫ್ರಾನ್ಸಿನಲ್ಲಿ 14ನೆಯ ಲೂಯಿಯ ವರ್ಸೇಲ್ಸ್ ಅರಮನೆಯಲ್ಲಿ, ರಾಜರಾಣಿಯರ ಎದುರಿಗೆ ಬೆನ್ನಿಲ್ಲದ, ತೋಳಿಲ್ಲದ ಒಂದು ಚಿಕ್ಕ ಪೀಠದ ಮೇಲೆ ಕುಳಿತುಕೊಳ್ಳುವ ಹಕ್ಕು ಡಚೆಸ್ ಪದವಿಯ ಸ್ತ್ರೀಯರಿಗೆ ಇತ್ತು, ಉಳಿದವರು ನಿಂತಿರಬೇಕು. ಆ ಪೀಠಕ್ಕಾಗಿ ನಡೆದ ಅಸೂಯೆ, ಪಿತೂರಿಗಳಿಗೆ ಲೆಕ್ಕವಿಲ್ಲ. ನಮ್ಮಲ್ಲಿ ಬ್ರಿಟಿಷರ ಆಳ್ವಿಕೆಯಲ್ಲಿ, ಮುಖ್ಯವಾಗಿ ಪಂಜಾಬು ದೆಹಲಿಗಳ ಕಡೆ, ಸಾಹೇಬರನ್ನು ಕಾಣಲು ಹೋದಾಗ ಕುರ್ಚಿ ಪಡೆಯುವ ಅರ್ಹತೆಯುಳ್ಳವರನ್ನು ‘ಕುರ್ಸಿ ನಶೀನ್’ ಎಂದು ಕರೆದು, ಅದಕ್ಕೆ ಪತ್ರವನ್ನೂ ಕೊಡುತ್ತಿದ್ದರು. ಇದನ್ನು ಓದಿ ನಾವು ನಗುವ ಮೊದಲು ನಮ್ಮ ಹಳ್ಳಿಯ ಜಗಲಿಯನ್ನು ನೆನೆಯಬೇಕು. ಜಗಲಿಯ ಮೇಲೆ ಕೂರುವವರು ಯಾರು, ಮೆಟ್ಟಿಲ ಮೇಲೆ ಯಾರು, ಅಂಗಳದಲ್ಲಿ ದೂರ ನಿಲ್ಲುವವರು ಯಾರು ಎಂಬುದಕ್ಕೆ ಯಾವ ಪತ್ರವೂ ಬೇಕಿರಲಿಲ್ಲ. ಹುಟ್ಟಿದ ಜಾತಿಯೇ ಅದನ್ನು ಗೊತ್ತುಮಾಡಿಬಿಡುತ್ತಿತ್ತು.

18ನೆಯ ಶತಮಾನದಲ್ಲಿ ಸೋಫಾ ಅರಮನೆಯಿಂದ ಇಳಿದು ಅನುಕೂಲಸ್ಥರ ಮನೆಗಳನ್ನು ಹೊಕ್ಕಿತು. 1754ರಲ್ಲಿ ಲಂಡನ್ನಿನ ಥಾಮಸ್ ಚಿಪ್ಪೆಂಡೇಲ್ ಎಂಬ ಹೆಸರಾಂತ ಬಡಗಿ ಪೀಠೋಪಕರಣಗಳ ನಕ್ಷೆಗಳ ಪುಸ್ತಕವನ್ನೇ ಅಚ್ಚುಹಾಕಿಸಿದನು. 1785ರಲ್ಲಿ ವಿಲಿಯಂ ಕೂಪರ್ ಎಂಬ ಕವಿ, ಸ್ನೇಹಿತೆಯೊಬ್ಬಳು ‘ಸೋಫಾದ ಮೇಲೆ ಬರೆಯಿರಿ’ ಎಂದು ವಿನೋದಕ್ಕೆ ಹೇಳಿದುದನ್ನೇ ಹಿಡಿದು ಒಂದು ದೊಡ್ಡ ಕಾವ್ಯವನ್ನು ರಚಿಸಿದನು. ಅದರ ಮೊದಲ ಭಾಗದ ಹೆಸರೇ ‘ಸೋಫಾ’. ಮೂರು ಕಾಲಿನ ಪೀಠ ಬೆಳೆಯುತ್ತ ಸೋಫಾ ಆದ ಬಗೆಯನ್ನು ವರ್ಣಿಸಿ, ಅದು ಕಾಲುನೋವಿನವರಿಗೆ ತಕ್ಕದ್ದು, ತನಗೆ ಅದರ ಅಗತ್ಯ ಬಾರದಿರಲಿ ಎಂದು ಹೇಳಿ ಕವಿ ಹೊಲದ ಕಡೆ ನಡೆದುಬಿಡುತ್ತಾನೆ. ದಿನವಿಡೀ ಸೋಫಾದಲ್ಲಿ ಹುದುಗಿರುವವರು ಈ ಮಾತನ್ನು ಗಮನಿಸಬಹುದು.

ಇನ್ನು ಸೋಫಾದ ಒಳಗನ್ನು ನೋಡೋಣ. ಅದಕ್ಕೆ ಎಲುಬು, ನರ, ಮಾಂಸ, ಚರ್ಮ ಎಂಬ ನಾಲ್ಕು ಪದರಗಳುಂಟು ಎನ್ನಬಹುದು. ಮರದ ಚೌಕಟ್ಟು ಎಲುಬು. ಸ್ಪ್ರಿಂಗು, ಪಟ್ಟಿಗಳು ನರ. ತುಂಬಿದ ವಸ್ತು ಮಾಂಸ. ಮೇಲಿನ ಬಟ್ಟೆ ಚರ್ಮ.

ಎಲುಬಿನ ವಿಷಯದಲ್ಲಿ ನಮ್ಮ ನಾಡು ಬಡದಲ್ಲ. ಪಶ್ಚಿಮ ಘಟ್ಟಗಳ ಬೀಟೆ ಮರ 19ನೆಯ ಶತಮಾನದಲ್ಲಿ ಮುಂಬಯಿಗೆ ಹೋಗಿ, ಅಲ್ಲಿನ ಕುಶಲಕರ್ಮಿಗಳ ಕೈಯಲ್ಲಿ ಹೂಬಳ್ಳಿಗಳ ಕೆತ್ತನೆಯ ಸೋಫಾಗಳಾಗಿ ಪರದೇಶಗಳಲ್ಲಿಯೂ ಹೆಸರು ಪಡೆಯಿತು. ಮೈಸೂರಿನ ಕುಶಲಿಗಳು ಅದೇ ಮರದಲ್ಲಿ ಚಿತ್ರಗಳನ್ನು ಕೂರಿಸುವ ವಿದ್ಯೆಯನ್ನು ಬೆಳೆಸಿದರು. ಈಗ ಬೀಟೆ ವಿರಳವಾಗಿದೆ. 2017ರಿಂದ ಅದರ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟಿದೆ. ಆದ್ದರಿಂದ ಅಜ್ಜನ ಕಾಲದ ಬೀಟೆಯ ಸೋಫಾ ಮನೆಯಲ್ಲಿದ್ದರೆ ಅದನ್ನು ಹಳೆಯದೆಂದು ಮಾರಿಬಿಡಬೇಡಿ. ಪಟ್ಟಿ, ಮೆತ್ತೆಗಳನ್ನು ಬದಲಾಯಿಸಿದರೆ ಇನ್ನೂ ಎರಡು ತಲೆಮಾರು ಬಾಳುತ್ತದೆ. ಹೊಸದು ಕೊಳ್ಳುವವರು ತೇಗವೋ ಹಲಸೋ ಹೊನ್ನೆಯೋ ಎಂದು ಕೇಳುವುದರ ಜೊತೆಗೆ, ಮರ ಚೇಗೇ ಅಥವಾ ಹೊರಭಾಗದ ಬಿಳಿಯ ಮರವೇ ಎಂದೂ ಕೇಳಬೇಕು. ಬಿಳಿಯ ಮರಕ್ಕೆ ಕುಟ್ಟೆ ಹುಳುವೂ ಗೆದ್ದಲೂ ಬೇಗ ಹತ್ತುತ್ತವೆ. ಒಂದು ಸುಲಭವಾದ ಪರೀಕ್ಷೆಯುಂಟು. ಸೋಫಾದ ಒಂದು ಮುಂಗಾಲನ್ನು ಒಂದು ಗೇಣು ಮೇಲೆತ್ತಿ. ಅಷ್ಟರೊಳಗೆ ಇನ್ನೊಂದು ಮುಂಗಾಲೂ ನೆಲ ಬಿಟ್ಟರೆ ಚೌಕಟ್ಟು ಗಟ್ಟಿ. ಅದು ನೆಲದಲ್ಲೇ ಉಳಿದು ಮರ ತಿರುಚಿಕೊಂಡರೆ, ಮೊಳೆ ಅಂಟುಗಳ ನೆಚ್ಚಿಕೆಯ ಮೇಲೆ ನಿಂತ ಸಾಮಾನು ಎಂದು ತಿಳಿಯಿರಿ.

ನರಗಳ ಕಥೆ ಈಚಿನದು. ಹಿಂದೆ ಚೌಕಟ್ಟಿಗೆ ಪಟ್ಟಿಗಳನ್ನು ಹೆಣೆದು, ಗೋಣಿತಟ್ಟು ಬಿಗಿದು, ಕುದುರೆಯ ಕೂದಲನ್ನು ತುಂಬುತ್ತಿದ್ದರು. 1828ರಲ್ಲಿ ಲಂಡನ್ನಿನ ಸ್ಯಾಮ್ಯುಯೆಲ್ ಪ್ರಾಟ್ ತಂತಿಯ ಸ್ಪ್ರಿಂಗುಗಳಿಗೆ ಹಕ್ಕುಪತ್ರ ಪಡೆದ ಮೇಲೆ ಆಸನಗಳು ಉಬ್ಬಿ ದಪ್ಪವಾದವು. ಒಳಗಿನ ಕೂದಲು ಜರುಗದಂತೆ ಅಲ್ಲಲ್ಲಿ ಗುಂಡಿ ಹಾಕಿ ಆಳಕ್ಕೆ ಹೊಲಿಯುವುದೂ ರೂಢಿಯಾಯಿತು. ಇಂದು ನಾವು ಸೊಗಸೆಂದು ಮೆಚ್ಚುವ ಆ ಗುಂಡಿಗಳು ಹುಟ್ಟಿದ್ದು ಹೀಗೆ ಒಂದು ಕೆಲಸಕ್ಕಾಗಿ. ಆದರೆ ಧೂಳು, ತಿಂಡಿಯ ಪುಡಿ ನಿಲ್ಲುವುದೂ ಅಲ್ಲಿಯೇ. ಸಣ್ಣ ಮಕ್ಕಳಿರುವ ಮನೆಯವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಮಾಂಸದ ಭಾಗಕ್ಕೆ ನಮ್ಮಲ್ಲಿ ತೆಂಗಿನ ನಾರು, ಹತ್ತಿ, ಬೂರುಗದ ಹತ್ತಿಗಳು ಒದಗಿದವು. ಕಳೆದ ಶತಮಾನದ 20ರ ದಶಕದ ಕೊನೆಗೆ ಇಂಗ್ಲೆಂಡಿನ ಡನ್‌ಲಪ್ ಸಂಸ್ಥೆಯಲ್ಲಿ ರಬ್ಬರಿನ ಹಾಲನ್ನು ಮೊಸರಿನಂತೆ ಕಡೆದು, ನೊರೆಯನ್ನು ಗಟ್ಟಿಮಾಡಿ ಮೆತ್ತೆಯಾಗಿಸಿದರು. 1937ರಲ್ಲಿ ಜರ್ಮನಿಯ ಆಟೋ ಬೇಯರ್ ಮತ್ತು ಸಂಗಡಿಗರು ಪಾಲಿಯುರಿಥೇನ್ ಎಂಬ ರಾಸಾಯನಿಕವನ್ನು ಕಂಡುಹಿಡಿದರು. 1950ರ ದಶಕದಿಂದ ಅದರ ಅಗ್ಗದ ನೊರೆಮೆತ್ತೆ, ಅಂದರೆ ಇಂದಿನ ಫೋಮು, ಲೋಕವನ್ನೆಲ್ಲ ತುಂಬಿತು. ಅದರಿಂದಲೇ ಸೋಫಾ ಸಾಮಾನ್ಯರ ಕೈಗೆ ಎಟುಕಿತು. ಆದರೆ ಅಗ್ಗಕ್ಕೆ ಇನ್ನೊಂದು ಬೆಲೆಯೂ ಇತ್ತು. 1979ರ ಮೇ ತಿಂಗಳಲ್ಲಿ ಮ್ಯಾಂಚೆಸ್ಟರಿನ ಒಂದು ದೊಡ್ಡ ಅಂಗಡಿಯಲ್ಲಿ ಪೀಠೋಪಕರಣಗಳಿಗೆ ಬೆಂಕಿ ಹತ್ತಿತು. ಫೋಮು ಉರಿದು ಎದ್ದ ದಟ್ಟವಾದ ವಿಷದ ಹೊಗೆಯಲ್ಲಿ ಹತ್ತು ಜನ ಪ್ರಾಣ ಬಿಟ್ಟರು. ಅಂಥ ದುರಂತಗಳ ಪಾಠದಿಂದ ಬ್ರಿಟನ್ನಿನಲ್ಲಿ 1988ರಲ್ಲಿ ಮೆತ್ತೆಯ ಸಾಮಾನುಗಳ ಬೆಂಕಿಭಯದ ಬಗ್ಗೆ ಕಟ್ಟುನಿಟ್ಟಾದ ನಿಯಮಗಳು ಬಂದವು. ಸೋಫಾದ ಪಕ್ಕದಲ್ಲಿ ದೀಪ, ಊದುಬತ್ತಿ, ಸೊಳ್ಳೆಬತ್ತಿಗಳನ್ನು ಹಚ್ಚಿಡುವವರು, ಅದರ ಮೇಲೆ ಒರಗಿ ಸಿಗರೇಟು ಸೇದುವವರು ಈ ಸಂಗತಿಯನ್ನು ಮರೆಯಬಾರದು.

ಫೋಮು ಕೊಳ್ಳುವಾಗ ಮೃದುವೇ ಎಂದು ಒತ್ತಿ ನೋಡಿದರೆ ಸಾಲದು. ಅಂಗಡಿಯವರು 32, 40 ‘ಡೆನ್ಸಿಟಿ’ ಎನ್ನುವುದು ಒಂದು ಘನ ಮೀಟರಿನಷ್ಟು ಫೋಮಿನ ತೂಕ, ಕಿಲೋಗ್ರಾಂ ಲೆಕ್ಕದಲ್ಲಿ. ಒಂದೇ ಬಗೆಯ, ಒಂದೇ ಅಳತೆಯ ಎರಡು ಮೆತ್ತೆಗಳಲ್ಲಿ ಹೆಚ್ಚು ತೂಗುವುದು ಸಾಮಾನ್ಯವಾಗಿ ಹೆಚ್ಚು ಕಾಲ ಬಾಳುತ್ತದೆ. ಕುಳಿತಾಗ ಪಾದಗಳು ಪೂರ್ತಿಯಾಗಿ ನೆಲಕ್ಕೆ ತಾಗಬೇಕು. ಆಸನ ನೆಲದಿಂದ 16ರಿಂದ 18 ಅಂಗುಲ ಎತ್ತರವಿದ್ದರೆ ಬಹುಮಂದಿಗೆ ಸರಿಹೋಗುತ್ತದೆ. ತೀರ ತಗ್ಗಾದ, ಹೂತುಹೋಗುವ ಸೋಫಾದಿಂದ ಮೊಣಕಾಲು ನೋವಿನ ಅಜ್ಜಿಯನ್ನು ಎಬ್ಬಿಸಲು ಇಬ್ಬರು ಬೇಕಾಗುತ್ತದೆ. ಹಣ ಕೊಡುವ ಮೊದಲು ಮನೆಯ ಬಾಗಿಲಿನ ಅಗಲವನ್ನೂ ಮೆಟ್ಟಿಲಿನ ತಿರುವನ್ನೂ ಅಳೆದುಕೊಳ್ಳಿ.

ಇನ್ನು ಚರ್ಮ. ಇದರ ಇತಿಹಾಸ ನಮ್ಮ ನೇಕಾರರಿಗೂ ಬಣ್ಣಗಾರರಿಗೂ ಸೇರಿದ್ದು. ಚೋಳಮಂಡಲ ಕರಾವಳಿಯ ಬಣ್ಣದ ಹತ್ತಿಯ ಬಟ್ಟೆ 17ನೆಯ ಶತಮಾನದಲ್ಲಿ ಇಂಗ್ಲೆಂಡಿನ ಹೆಂಗಸರನ್ನೂ ಅವರ ಕುರ್ಚಿ, ಹಾಸಿಗೆ, ಪರದೆಗಳನ್ನೂ ಗೆದ್ದುಕೊಂಡಿತು. ತೊಳೆದರೂ ಮಾಸದ ಬಣ್ಣ ಅವರಿಗೆ ಹೊಸದು. ಅಲ್ಲಿನ ಉಣ್ಣೆ, ರೇಷ್ಮೆಯ ನೇಕಾರರು ಕೆಲಸ ಕಳೆದುಕೊಳ್ಳುವ ಭಯದಿಂದ 1719ರಲ್ಲಿ ದಂಗೆಯೆದ್ದು, ಬೀದಿಯಲ್ಲಿ ಆ ಬಟ್ಟೆ ತೊಟ್ಟ ಸ್ತ್ರೀಯರ ಉಡುಪುಗಳನ್ನು ಹರಿದರು. 1721ರಲ್ಲಿ ಪಾರ್ಲಿಮೆಂಟು ಶಾಸನ ಮಾಡಿ, ಅಚ್ಚಿನ ಹತ್ತಿಬಟ್ಟೆಯನ್ನು ಉಡುವುದನ್ನು ಮಾತ್ರವಲ್ಲದೆ ಮನೆಯ ಪೀಠೋಪಕರಣಗಳಿಗೆ ಬಳಸುವುದನ್ನೂ ನಿಷೇಧಿಸಿತು. ಈ ಶಾಸನ ರದ್ದಾದದ್ದು 1774ರಲ್ಲಿ. ಅಷ್ಟರಲ್ಲಿ ಅವರು ಆ ವಿದ್ಯೆಯನ್ನು ತಾವೇ ಕಲಿತಿದ್ದರು. ಮುಂದಿನ ಶತಮಾನದಲ್ಲಿ ಯಂತ್ರದಲ್ಲಿ ಅಚ್ಚಾದ ಬಟ್ಟೆ ಅಲ್ಲಿಂದ ನಮ್ಮ ಸಂತೆಗಳಿಗೆ ಬಂದಿತು. ಸೋಫಾಕ್ಕೆ ಗವುಸು ಕೊಳ್ಳುವಾಗ ಕೈಮಗ್ಗದ ಬಟ್ಟೆಯ ಕಡೆ ಒಮ್ಮೆ ನೋಡಿರೆಂದು ಹೇಳುವುದಕ್ಕೆ ಈ ಕಥೆಗಿಂತ ಬೇರೆ ಶಿಫಾರಸು ಬೇಡ.

ಹತ್ತಿಯ ಗವುಸಿಗೆ ಇನ್ನೊಂದು ಗುಣವುಂಟು: ಬಿಚ್ಚಿ ಒಗೆಯಬಹುದು, ಬೇಸಗೆಯಲ್ಲಿ ಮೈಗೆ ಅಂಟುವುದಿಲ್ಲ. ರೆಕ್ಸಿನ್ನು ಒರೆಸಲು ಸುಲಭ. ಆದರೆ ಬಿಸಿಲು ಬೀಳುವ ಕಡೆ ಬಿರುಕು ಬಿಡುತ್ತದೆ. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ದಪ್ಪ ಮೆತ್ತೆಗಳಿಗೆ ಬೂಷ್ಟು ಹಿಡಿಯುತ್ತದೆ. ಆದ್ದರಿಂದ ಸೋಫಾವನ್ನು ಗೋಡೆಯಿಂದ ಒಂದು ಗೇಣು ಈಚೆಗಿಟ್ಟು ಗಾಳಿಯಾಡಲು ಬಿಡಬೇಕು. ಅಲ್ಲಿ ಬೆತ್ತ ಹೆಣೆದ ಆಸನ ಇನ್ನೂ ಮೇಲು. ಬೆತ್ತದ ಸಂದುಗಳಲ್ಲಿ ತಿಗಣೆ ಸೇರುವುದುಂಟು. ಆಗಾಗ ಅಂಗಳಕ್ಕೆ ತಂದು ಕೊಡವಿ, ಸಂದುಗಳನ್ನು ಪರೀಕ್ಷಿಸಬೇಕು. ವಾರಕ್ಕೊಮ್ಮೆ ಧೂಳು ತೆಗೆಯುವುದು, ಮೆತ್ತೆಗಳನ್ನು ತಿರುವಿ ಹಾಕುವುದು, ಕಾಫಿ ಚೆಲ್ಲಿದರೆ ಉಜ್ಜದೆ ಒಣಬಟ್ಟೆಯಿಂದ ಒತ್ತಿ ಹೀರಿಸುವುದು, ಇಷ್ಟು ಮಾಡಿದರೆ ಸೋಫಾದ ಆಯುಸ್ಸು ಎಷ್ಟೋ ವರ್ಷ ಹೆಚ್ಚುತ್ತದೆ.

ಈ ಧೂಳು ತೆಗೆಯುವ ಕೆಲಸವನ್ನು ಅನೇಕ ಮನೆಗಳಲ್ಲಿ ಮಾಡುವವಳು ಕೆಲಸದಾಕೆ. ಕೆಲಸ ಮುಗಿಸಿ ಕಾಫಿ ಕುಡಿಯುವಾಗ, ತಾನೇ ಒರೆಸಿದ ಸೋಫಾ ಎದುರಿಗೆ ಖಾಲಿ ಬಿದ್ದಿದ್ದರೂ, ಅವಳು ಬಾಗಿಲ ಪಕ್ಕದ ನೆಲದ ಮೇಲೆ ಕೂರುತ್ತಾಳೆ. ವರ್ಸೇಲ್ಸಿನ ಪೀಠದ ಪದ್ಧತಿ 1789ರ ಕ್ರಾಂತಿಯಲ್ಲಿ ಕೊಚ್ಚಿಹೋಯಿತು; ಕುರ್ಚಿಯ ಪತ್ರಗಳು ಬ್ರಿಟಿಷರೊಡನೆ ಹೋದವು. ನಮ್ಮ ನಡುಮನೆಯಲ್ಲಿ ಉಳಿದುಕೊಂಡಿರುವ ಪದ್ಧತಿಯನ್ನು ತೆಗೆಯಲು ಕ್ರಾಂತಿಯೇನೂ ಬೇಡ. ‘ಮೇಲೆ ಕೂತುಕೋಮ್ಮ’ ಎಂಬ ಒಂದು ಮಾತು ಸಾಕು. ಮೊದಲ ದಿನ ಅವಳು ಸಂಕೋಚಪಡುತ್ತಾಳೆ. ಎರಡನೆಯ ದಿನವೂ ಹೇಳಬೇಕು.