ಗರ್ಭನಿರೋಧಕ ಗುಳಿಗೆ: ಹಾರ್ಮೋನು ಪರೀಕ್ಷೆ ದಾರಿ ತಪ್ಪುವುದೇಕೆ?

ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುವ ‘ಮಾಲಾ-ಎನ್’ ಪೊಟ್ಟಣದಲ್ಲಿ 28 ಗುಳಿಗೆಗಳಿರುತ್ತವೆ. ಹಾರ್ಮೋನು ಇರುವುದು 21ರಲ್ಲಿ ಮಾತ್ರ. ಪ್ರತಿಯೊಂದರಲ್ಲೂ 0.03 ಮಿಲಿಗ್ರಾಂ ಎಥಿನೈಲ್ ಎಸ್ಟ್ರಾಡಯೋಲ್ ಹಾಗೂ 0.15 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್. ಉಳಿದ 7 ಕಬ್ಬಿಣಾಂಶದವು.

ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯನ್ನು ಸುಮ್ಮನಾಗಿಸಲು ಇಷ್ಟು ಸಾಕು. ಅದು ಸ್ರವಿಸುವ ಎಫ್‌ಎಸ್‌ಎಚ್ ಮತ್ತು ಎಲ್‌ಎಚ್ ತಗ್ಗುವುದರಿಂದ ಅಂಡಾಣು ಬಲಿಯದು, ಬಿಡುಗಡೆಯಾಗದು. ಅಂಡಾಶಯ ತಾನೇ ತಯಾರಿಸುವ ಎಸ್ಟ್ರಾಡಯೋಲ್ ಕೆಳಮಟ್ಟದಲ್ಲೇ ಉಳಿಯುತ್ತದೆ. ತಿಂಗಳ ಉತ್ತರಾರ್ಧದಲ್ಲಿ ಏರಬೇಕಾದ ಪ್ರೊಜೆಸ್ಟರಾನ್ ಏರುವುದೇ ಇಲ್ಲ. ಗುಳಿಗೆಯಿಂದ ‘ಹಾರ್ಮೋನು ಹೆಚ್ಚಾಗುತ್ತದೆ’ ಎಂಬ ಮಾತು ಹಾಗಾಗಿ ಅರ್ಧಸತ್ಯವಷ್ಟೇ. ಕೊನೆಯ ವಾರದ ರಕ್ತಸ್ರಾವವೂ ಸಹಜ ಮುಟ್ಟಲ್ಲ. ಹೊರಗಿನ ಹಾರ್ಮೋನು ನಿಂತಾಗ ಗರ್ಭಕೋಶದ ಒಳಪದರ ಕಳಚುವ ಕ್ರಿಯೆ.

ಹೆಚ್ಚು ಗೊಂದಲ ಹುಟ್ಟುವುದು ಯಕೃತ್ತಿನಲ್ಲಿ. ಎಥಿನೈಲ್ ಎಸ್ಟ್ರಾಡಯೋಲ್ ಅಲ್ಲಿ ಎಸ್‌ಎಚ್‌ಬಿಜಿ ಎಂಬ ಪ್ರೋಟೀನಿನ ಉತ್ಪಾದನೆಯನ್ನು ಹೆಚ್ಚಿಸುತ್ತದೆ. ಈ ಪ್ರೋಟೀನು ರಕ್ತದಲ್ಲಿನ ಟೆಸ್ಟೋಸ್ಟಿರಾನನ್ನು ಹಿಡಿದಿಡುತ್ತದೆ. ಇತ್ತ ಅಂಡಾಶಯದ ಉತ್ಪಾದನೆಯೂ ಕುಗ್ಗುವುದರಿಂದ ಮುಕ್ತ ಟೆಸ್ಟೋಸ್ಟಿರಾನ್ ಸರಾಸರಿ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಮೊಡವೆ, ಮುಖದ ಅನಗತ್ಯ ಕೂದಲು ಕಡಿಮೆಯಾಗುವುದು ಇದರಿಂದಲೇ. ಥೈರಾಯ್ಡ್ ಹಾರ್ಮೋನನ್ನು ಹೊರುವ ಪ್ರೋಟೀನೂ ಹೆಚ್ಚುವುದರಿಂದ ಒಟ್ಟು ಟಿ4 ಏರಿದಂತೆ ಕಾಣುತ್ತದೆ, ಮುಕ್ತ ಟಿ4 ಮಾತ್ರ ಸಹಜವಾಗಿರುತ್ತದೆ. ಆದರೆ ಥೈರಾಕ್ಸಿನ್ ಮಾತ್ರೆ ಸೇವಿಸುತ್ತಿರುವವರಿಗೆ ಅದರ ಪ್ರಮಾಣ ಹೆಚ್ಚಿಸಬೇಕಾಗಿ ಬರಬಹುದು.

ಮುಟ್ಟಿನ ಏರುಪೇರಿಗೆಂದು ಗುಳಿಗೆ ಆರಂಭಿಸಿ, ಪಿಸಿಒಎಸ್ ಇದೆಯೇ ಎಂದು ಅನಂತರ ರಕ್ತ ಪರೀಕ್ಷಿಸಿಕೊಳ್ಳುವುದರಲ್ಲಿ ಅರ್ಥವಿಲ್ಲ. ವರದಿ ಸಹಜವೆಂದು ಬಂದರೂ ರೋಗವಿಲ್ಲವೆನ್ನಲಾಗದು. ಪುರುಷ ಹಾರ್ಮೋನುಗಳನ್ನು ಅಳೆಯುವುದಾದರೆ ಗುಳಿಗೆ ನಿಲ್ಲಿಸಿ ಕನಿಷ್ಠ 3 ತಿಂಗಳು ಕಾಯಬೇಕೆನ್ನುತ್ತವೆ ಅಂತಾರಾಷ್ಟ್ರೀಯ ಮಾರ್ಗಸೂಚಿಗಳು. ಆ ಅವಧಿಗೆ ಬೇರೆ ಗರ್ಭನಿರೋಧಕ ಬೇಕೇ ಬೇಕು. ಅಂಡಾಣು ಸಂಗ್ರಹವನ್ನು ಸೂಚಿಸುವ ಎಎಂಎಚ್ ಕೂಡ ಗುಳಿಗೆ ಸೇವಿಸುವಾಗ ತಗ್ಗಿ ಕಾಣಬಹುದು. ಆ ಒಂದು ಅಂಕಿಯನ್ನು ನೋಡಿ ‘ಇನ್ನು ಮಕ್ಕಳಾಗವು’ ಎಂದು ಎದೆಗುಂದುವ ಯುವತಿಗೆ ಗುಳಿಗೆಯ ವಿಷಯ ಕೇಳುವವರೇ ಇಲ್ಲದಿದ್ದರೆ ಅದು ಅನ್ಯಾಯ. ಗುಳಿಗೆ ನಿಲ್ಲಿಸಿದ ಬಳಿಕ ಬಹುತೇಕರಲ್ಲಿ 1ರಿಂದ 3 ತಿಂಗಳೊಳಗೆ ಅಂಡೋತ್ಪತ್ತಿ ಮರಳುತ್ತದೆ.

ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ರೂಪಿಸಿದ, ‘ಛಾಯಾ’ ಹೆಸರಿನಲ್ಲಿ ಸರ್ಕಾರ ವಿತರಿಸುವ ಗುಳಿಗೆಯ ಬಗೆ ಬೇರೆ. ಅದರಲ್ಲಿ ಸ್ಟೀರಾಯ್ಡ್ ಹಾರ್ಮೋನು ಇಲ್ಲ. ಸಾಮಾನ್ಯವಾಗಿ ಅಂಡೋತ್ಪತ್ತಿಯನ್ನೂ ಅದು ತಡೆಯದು. ಆದ್ದರಿಂದ ಪರೀಕ್ಷೆಗೆ ಹೋಗುವಾಗ ‘ಗುಳಿಗೆ ತೆಗೆದುಕೊಳ್ಳುತ್ತಿದ್ದೇನೆ’ ಎಂದರಷ್ಟೇ ಸಾಲದು, ಯಾವ ಗುಳಿಗೆ ಎಂಬುದನ್ನೂ ವೈದ್ಯರಿಗೆ ತಿಳಿಸಬೇಕು.