23 ಕಿಲೋ ಪೆಟ್ಟಿಗೆಯೂ ಒಂದು ಕರಿ ಸೂಟೂ

ಎರಡು ವಾರದಿಂದ ನಮ್ಮನೆ ನಡುಮನೆಯಲ್ಲಿ ಒಂದು ಸೂಟ್‌ಕೇಸು ಬಾಯಿ ತೆರೆದುಕೊಂಡು ಬಿದ್ದಿದೆ. ಬಂದವರೆಲ್ಲ ಅದರೊಳಗೆ ಒಮ್ಮೆ ಇಣುಕಿ, ಒಂದು ಸಲಹೆ ಕೊಟ್ಟು, ಕಾಫಿ ಕುಡಿದು ಹೋಗುತ್ತಾರೆ. ಜುಲೈ ಕೊನೆಗೆ ನಾನು ಜಪಾನಿಗೆ ಹೊರಟಿದ್ದೇನೆ. ಶಿಮಾನೆ ಅನ್ನೋ ಪ್ರಾಂತ್ಯದಲ್ಲಿ ಒಂದು ಮಾಧ್ಯಮಿಕ ಶಾಲೆ, ಅಲ್ಲಿ ಇಂಗ್ಲಿಷ್ ಪಾಠಕ್ಕೆ ಸಹಾಯಕ ಶಿಕ್ಷಕಿ. ನನ್ನ ಟಿಕೆಟ್ಟಿಗೆ 23 ಕಿಲೋ ಬಿಡುತ್ತಾರೆ. ಚಟ್ನಿಪುಡಿ, ಸಾರಿನಪುಡಿ, ಪುಟ್ಟ ಕುಕ್ಕರು, ಎರಡು ನಿಘಂಟು ಯಾವ ತಕರಾರೂ ಇಲ್ಲದೆ ಒಳಗೆ ಹೋದವು. ತಕರಾರು ಇರೋದೆಲ್ಲ ಒಂದು ಕರಿ ಸೂಟಿನ ಬಗ್ಗೆ.

ಶಾಲೆಯವರು ಕಳಿಸಿದ ಪಟ್ಟಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ಕಪ್ಪು ಅಥವಾ ಕಡುನೀಲಿ ಸೂಟು, ಬಿಳಿ ಅಂಗಿ, ಶಾಲೆಯೊಳಗೆ ಹಾಕಿಕೊಳ್ಳಲು ಬೇರೆ ಚಪ್ಪಲಿ. ಏಪ್ರಿಲ್‌ನಲ್ಲಿ ಹೊಸ ಮಕ್ಕಳನ್ನು ಸೇರಿಸಿಕೊಳ್ಳುವ ಸಮಾರಂಭ, ಮಾರ್ಚ್‌ನಲ್ಲಿ ಬೀಳ್ಕೊಡುವ ಸಮಾರಂಭ. ಎರಡಕ್ಕೂ ಸೂಟು ಬೇಕೇ ಬೇಕು. ಉಳಿದ ದಿನ ಅಷ್ಟೇನೂ ಬಿಗಿ ಇಲ್ಲವಂತೆ. ವರ್ಷಕ್ಕೆ ಎರಡು ಮೂರು ದಿನ ಹಾಕೋ ಬಟ್ಟೆಗೆ ಒಂದೂವರೆ ಕಿಲೋ ಯಾಕೆ ಅನ್ನೋದು ಅಣ್ಣನ ಲೆಕ್ಕ. ಅಮ್ಮನದು ಇನ್ನೊಂದು ಲೆಕ್ಕ. "ಸಮಾರಂಭ ಅಂದ್ಮೇಲೆ ಮೈಸೂರ್ ಸಿಲ್ಕ್ ಉಟ್ಕೊಂಡು ಹೋಗು. ಸೂಟು ಗೀಟು ಹಾಕ್ಕೊಂಡು ನಿಂತ್ರೆ ನೀನು ಎಲ್ಲಿಯವಳು ಅಂತ ಯಾರಿಗೆ ಗೊತ್ತಾಗತ್ತೆ?"

ಇಲ್ಲೊಂದು ವಿಷಯ ಹೇಳಿಬಿಡಬೇಕು. ನಾನು ಆರು ವರ್ಷ ಬೆಂಗಳೂರಿನ ಒಂದು ಶಾಲೆಯಲ್ಲಿ ಪಾಠ ಮಾಡಿದೆ. ಅಲ್ಲಿ ಮಿಸ್‌ಗಳು ಸೀರೆಯನ್ನೇ ಉಡಬೇಕು ಅಂತ ಕಟ್ಟಳೆ. ಮಳೆಗಾಲದಲ್ಲಿ ನೆರಿಗೆ ಎತ್ತಿ ಹಿಡಿದು ಬಸ್ಸು ಹತ್ತಬೇಕು. ಒಂದು ದಿನ ಜ್ವರ ಇತ್ತು ಅಂತ ಚೂಡಿದಾರ್‌ನಲ್ಲಿ ಹೋಗಿದ್ದಕ್ಕೆ ಆಫೀಸಿಗೆ ಕರೆದು ಕೇಳಿದ್ದರು. ಹಾಗಾಗಿ ಸೀರೆ ಅಂದರೆ ಅಮ್ಮನಿಗೆ ಉಕ್ಕುವ ಭಾವನೆ ನನಗೆ ಅಷ್ಟು ಸುಲಭಕ್ಕೆ ಉಕ್ಕುವುದಿಲ್ಲ. ಹಾಗಂತ ಸೂಟೂ ನನ್ನದಲ್ಲ. ಮೊದಲ ಅಳತೆಗೆ ಹಾಕಿಕೊಂಡಾಗ ಕನ್ನಡಿಯಲ್ಲಿ ಯಾರೋ ವಿಮಾ ಏಜೆಂಟು ನಿಂತಂತೆ ಕಂಡಿತು!

ಆದರೆ ಆ ಸೂಟು ಜಪಾನಿನವರದೂ ಅಲ್ಲವಲ್ಲ? ಹಾಗಾದರೆ ಅಲ್ಲಿನ ಶಾಲೆಗೆ ಅದು ಬಂದಿದ್ದು ಹೇಗೆ ಅಂತ ಹುಡುಕುತ್ತಾ ಹೊರಟೆ. ಪೆಟ್ಟಿಗೆ ತುಂಬೋದು ಬಿಟ್ಟು ಈ ಕೆಲಸ ಯಾಕೆ ಅಂತ ಅಣ್ಣ ಬೈದ. ಇರಲಿ.

ಹುಡುಕುವಾಗ ಒಂದು ಫೋಟೋ ಸಿಕ್ಕಿತು. ನೀವೂ ನೋಡಿರಬಹುದು. 1872ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೆಗೆದದ್ದು. ಐವರು ಜಪಾನೀಯರು. ನಾಲ್ವರು ಪಾಶ್ಚಾತ್ಯ ಉಡುಪಿನಲ್ಲಿದ್ದಾರೆ. ನಡುವೆ ಕೂತ ಹಿರಿಯ, ಇವಾಕುರಾ ತೊಮೊಮಿ, ಕಿಮೊನೊ ತೊಟ್ಟು ತಲೆ ಮೇಲೆ ಜುಟ್ಟು ಬಿಟ್ಟಿದ್ದಾರೆ. ಕಾಲಲ್ಲಿ ಮಾತ್ರ ಚರ್ಮದ ಬೂಟು, ಪಕ್ಕದಲ್ಲಿ ಎತ್ತರದ ಇಂಗ್ಲಿಷ್ ಹ್ಯಾಟು. ನೋಡಿದ ತಕ್ಷಣ ನಮ್ಮ ತಾತನ ಫೋಟೋ ನೆನಪಾಯಿತು. ತಾತ ಮೈಸೂರು ಸೀಮೆಯಲ್ಲಿ ಮೇಷ್ಟರಾಗಿದ್ದವರು. ತಲೆಗೆ ಪೇಟ, ಮೈಗೆ ಕರಿ ಕೋಟು, ಕೆಳಗೆ ಕಚ್ಚೆಪಂಚೆ. ಸರ್ ಎಂ. ವಿಶ್ವೇಶ್ವರಯ್ಯನವರದು ಇದರ ತಿರುಗುಮುರುಗು, ಕೆಳಗಿಂದ ಪೂರ್ತಿ ಸೂಟು, ತಲೆ ಮೇಲೆ ಮಾತ್ರ ಮೈಸೂರು ಪೇಟ. (ಅವರು 1898ರಲ್ಲೇ ಜಪಾನು ನೋಡಿ ಬಂದವರು.) ಎಲ್ಲಿ ಬಿಟ್ಟುಕೊಡಬೇಕು, ಎಲ್ಲಿ ಬಿಡಬಾರದು ಅಂತ ಆ ಕಾಲದವರು ಒಬ್ಬೊಬ್ಬರೂ ಮೈಮೇಲೆ ಒಂದೊಂದು ಗೆರೆ ಹಾಕಿಕೊಂಡಿದ್ದರು ಅನ್ನಿಸುತ್ತೆ.

ಇವಾಕುರಾ ಅವರ ಗೆರೆ ಬಹಳ ದಿನ ಉಳಿಯಲಿಲ್ಲ. ಅಮೆರಿಕದಲ್ಲೇ ಓದುತ್ತಿದ್ದ ಅವರ ಮಕ್ಕಳು, ಇಲ್ಲಿ ಜನ ನಿಮ್ಮನ್ನು ಗೌರವದಿಂದ ನೋಡುತ್ತಿಲ್ಲ, ವಿಚಿತ್ರ ಪ್ರಾಣಿಯ ಹಾಗೆ ನೋಡುತ್ತಿದ್ದಾರೆ ಅಂತ ತಿಳಿಹೇಳಿದರಂತೆ. ಚಿಕಾಗೋ ತಲುಪುವಷ್ಟರಲ್ಲಿ ಜುಟ್ಟು ಹೋಯಿತು. ಅವರ ಜೊತೆ ಓದಲು ಹೊರಟಿದ್ದ ಐದು ಹೆಣ್ಣುಮಕ್ಕಳೂ ಇದ್ದರು. ಎಲ್ಲರಿಗಿಂತ ಚಿಕ್ಕವಳು ತ್ಸುದಾ ಉಮೆಕೊ, ಹೊರಟಾಗ ಆರು ವರ್ಷ. ಕಿಮೊನೊ ಉಟ್ಟ ಆ ಮಕ್ಕಳನ್ನು ಹೋದಲ್ಲೆಲ್ಲ ಜನ ಮುತ್ತಿಕೊಳ್ಳುತ್ತಿದ್ದರಂತೆ. ಕೊನೆಗೆ ಅವರಿಗೂ ಅಮೆರಿಕದ ಬಟ್ಟೆ ಬಂತು. ಆ ಚಿಕ್ಕವಳು 1882ರಲ್ಲಿ ವಾಪಸಾದಾಗ ಜಪಾನಿ ಭಾಷೆಯೇ ಮರೆತುಹೋಗಿತ್ತು. ಮುಂದೆ ಟೀಚರಾಗಿ, 1900ರಲ್ಲಿ ಹೆಣ್ಣುಮಕ್ಕಳಿಗೆ ಇಂಗ್ಲಿಷ್ ಕಲಿಸುವ ತನ್ನದೇ ಶಾಲೆ ತೆರೆದಳು. 2024ರಲ್ಲಿ ಬಂದ 5000 ಯೆನ್ ನೋಟಿನ ಮೇಲೆ ಇರೋದು ಅವಳದೇ ಮುಖ. ನನ್ನ ಮೊದಲ ಸಂಬಳದಲ್ಲಿ ಸಿಗುತ್ತಾಳೆ!

ಇಷ್ಟೆಲ್ಲ ಅವಸರ ಯಾಕಿತ್ತು? 1858ರಲ್ಲಿ ಅಮೆರಿಕ, ಬ್ರಿಟನ್ ಮುಂತಾದ ದೇಶಗಳು ಜಪಾನಿನ ಮೇಲೆ ಒಪ್ಪಂದಗಳನ್ನು ಹೇರಿದ್ದವು. ಅಲ್ಲಿ ತಪ್ಪು ಮಾಡಿದ ವಿದೇಶಿಯನ್ನು ಜಪಾನಿನ ಕೋರ್ಟು ವಿಚಾರಿಸುವಂತಿರಲಿಲ್ಲ. ಆಮದಿನ ಸುಂಕವನ್ನೂ ತಾವೇ ಏರಿಸುವಂತಿರಲಿಲ್ಲ. ಇದನ್ನು ಬದಲಾಯಿಸಬೇಕಾದರೆ ತಾವು 'ನಾಗರಿಕರು' ಅಂತ ಎದುರಿನವರ ಕಣ್ಣಿಗೆ ಕಾಣಬೇಕು. ಆದ್ದರಿಂದ ಮೇಜಿ ಸರ್ಕಾರ 1871ರಲ್ಲಿ ಜುಟ್ಟು ಕತ್ತರಿಸಿಕೊಳ್ಳಬಹುದು ಎಂದಿತು. 1872ರಲ್ಲಿ ಸರ್ಕಾರಿ ಸಮಾರಂಭಗಳಿಗೆ ಪಾಶ್ಚಾತ್ಯ ಉಡುಪೇ ವಿಧಿ ಎಂದಿತು. ಮರುವರ್ಷ ಸ್ವತಃ ಚಕ್ರವರ್ತಿ ಕೂದಲು ಕತ್ತರಿಸಿಕೊಂಡು, ಸೇನಾಧಿಕಾರಿಯಂಥ ಉಡುಪಿನಲ್ಲಿ ಫೋಟೋ ತೆಗೆಸಿಕೊಂಡ. ವಿದೇಶಿಯರನ್ನು ವಿಚಾರಿಸುವ ಅಧಿಕಾರ ಕೈಗೆ ಬಂದಿದ್ದು 1899ರಲ್ಲಿ. ಅಷ್ಟು ಹೊತ್ತಿಗೆ ಸೂಟು ಅಭ್ಯಾಸವಾಗಿ ಹೋಗಿತ್ತು. ಸೂಟಿಗೆ ಜಪಾನಿಯಲ್ಲಿ 'ಸೆಬಿರೊ' ಅಂತಾರೆ. ಲಂಡನ್ನಿನ ದರ್ಜಿಗಳ ಬೀದಿ ಸವಿಲ್ ರೋ ಹೆಸರೇ ಹಾಗಾಯಿತು ಅಂತ ಕೆಲವರು, 'ಸಿವಿಲ್' ಪದದಿಂದ ಬಂತು ಅಂತ ಕೆಲವರು.

ಇದೆಲ್ಲ ಗಂಡಸರ ಕತೆ ಆಯಿತು. ನನಗೆ ಬೇಕಾಗಿದ್ದು ಹೆಂಗಸರದು. 1887ರ ಜನವರಿಯಲ್ಲಿ ಜಪಾನಿನ ಮಹಾರಾಣಿ ಹೆಂಗಸರ ಉಡುಪಿನ ಬಗ್ಗೆ ಒಂದು ಪತ್ರ ಹೊರಡಿಸಿದಳು. ಅದರ ವಾದ ಬಲು ಜಾಣತನದ್ದು. ಪುರಾತನ ಕಾಲದಲ್ಲಿ ನಮ್ಮ ಹೆಂಗಸರು ಮೇಲೊಂದು ಕೆಳಗೊಂದು ಬಟ್ಟೆ ತೊಡುತ್ತಿದ್ದರು. ಪಾಶ್ಚಾತ್ಯ ಉಡುಪೂ ಹಾಗೇ ಇದೆ. ಆದ್ದರಿಂದ ಅದನ್ನು ತೊಡುವುದು ಪರರ ಅನುಕರಣೆ ಅಲ್ಲ, ನಮ್ಮ ಹಳೆಯದಕ್ಕೇ ಮರಳಿದಂತೆ. ಆದರೆ ಬಟ್ಟೆ ಮಾತ್ರ ನಮ್ಮ ದೇಶದ್ದೇ ಇರಲಿ. ಓದಿ ನಗು ಬಂತು. ನಮ್ಮಲ್ಲೂ ಹೊಸದನ್ನು ಒಳಗೆ ಬಿಟ್ಟುಕೊಳ್ಳುವಾಗ "ಇದು ನಮ್ಮಲ್ಲಿ ಮೊದಲೇ ಇತ್ತು" ಅನ್ನೋ ಮಂತ್ರ ಹಾಕಿಯೇ ಬಿಟ್ಟುಕೊಳ್ಳುವುದಲ್ಲವೇ?

ಆಗ ಟೋಕಿಯೋದಲ್ಲಿ ವೈದ್ಯ ಕಲಿಸುತ್ತಿದ್ದ ಜರ್ಮನ್ ಪ್ರೊಫೆಸರ್ ಒಬ್ಬರಿದ್ದರು, ಎರ್ವಿನ್ ಬೆಲ್ಟ್ಸ್. ಈ ಬಿಗಿಯುಡುಪು ನಿಮ್ಮ ಹೆಂಗಸರ ಮೈಗೆ ಒಗ್ಗುವುದಿಲ್ಲ, ಬೇಡ ಅಂತ ಅವರು ಪ್ರಧಾನಿ ಇತೋ ಹಿರೊಬುಮಿಗೆ ಹೇಳಿದರು. ಇತೋ ಕೊಟ್ಟ ಉತ್ತರವನ್ನು ಬೆಲ್ಟ್ಸ್ ತಮ್ಮ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಸಾರಾಂಶ ಇಷ್ಟು: ನಿಮಗೆ ರಾಜಕೀಯ ತಿಳಿಯದು, ನಮ್ಮ ಹೆಂಗಸರು ಕಿಮೊನೊದಲ್ಲಿ ಎದುರಿಗೆ ಬಂದರೆ ಅವರನ್ನು ಮನುಷ್ಯರು ಅನ್ನುವುದಿಲ್ಲ, ಬೊಂಬೆಗಳು ಅನ್ನುತ್ತಾರೆ.

ಈ ಮಾತು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಮೊದಲ ದಿನ ನಾನು ಸೀರೆಯಲ್ಲಿ ಹೋದೆ ಅಂತಿಟ್ಟುಕೊಳ್ಳಿ. ಎಲ್ಲರೂ ಚಂದ ಅಂತಾರೆ, ಫೋಟೋ ತೆಗೀತಾರೆ. ಆದರೆ ಕಪ್ಪು ಸೂಟಿನ ಸಾಲಿನಲ್ಲಿ ನಾನೊಬ್ಬಳು ಬೊಂಬೆಯಾಗಿ ಕೂತಿರುತ್ತೇನೆ. ಪಾಠ ಮಾಡಲು ಬಂದವಳು ಅಂತ ಯಾರಿಗೆ ನೆನಪಿರುತ್ತೆ? "ನೀನು ಎಲ್ಲಿಯವಳು ಅಂತ ಗೊತ್ತಾಗಬೇಕು" ಅಂತ ಅಮ್ಮ ಅಂದದ್ದೇ ನನ್ನ ಭಯ.

ಶಿಮಾನೆಗೇ ಹೊರಟವಳು ಲಫ್ಕಾಡಿಯೊ ಹರ್ನ್ ಅವರನ್ನು ಬಿಡುವ ಹಾಗಿಲ್ಲ. ಗ್ರೀಸಿನಲ್ಲಿ ಹುಟ್ಟಿ ಐರ್ಲೆಂಡಿನಲ್ಲಿ ಬೆಳೆದ ಈ ಲೇಖಕ 1890ರಲ್ಲಿ ಅದೇ ಪ್ರಾಂತ್ಯದ ಮಾತ್ಸುಎ ಊರಿಗೆ ಇಂಗ್ಲಿಷ್ ಮೇಷ್ಟರಾಗಿ ಬಂದರು. ಅಲ್ಲೇ ಸೆತ್ಸು ಎಂಬಾಕೆಯನ್ನು ಮದುವೆಯಾಗಿ, 1896ರಲ್ಲಿ ಜಪಾನಿನ ಪ್ರಜೆಯಾದರು. ಮನೆಯಲ್ಲಿ ಜಪಾನಿ ಉಡುಪೇ. ಫ್ರಾಕ್ ಕೋಟು ಅಂದರೆ ಅವರಿಗೆ ಮೈಯೆಲ್ಲ ಉರಿ ಅಂತ ಹೆಂಡತಿ ಬರೆದ ನೆನಪುಗಳಲ್ಲಿ ಬರುತ್ತೆ. ಟೋಕಿಯೋ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವಾಗ ಒತ್ತಾಯಕ್ಕೆ ಅದನ್ನು ಹಾಕಿಕೊಂಡದ್ದೂ ಕೆಲವೇ ಸಲವಂತೆ. ಅಂದರೆ ಮೇಷ್ಟ್ರಿಗೆ ಕಿಮೊನೊ ಬೇಕು, ಕೆಲಸ ಕೊಟ್ಟವರಿಗೆ ಕೋಟು ಬೇಕು!

ಸಮಾರಂಭದ ದಿನ ಅಲ್ಲಿ ಯಾಕೆ ಅಷ್ಟು ಬಿಗಿ ಅನ್ನೋದಕ್ಕೂ ಅದೇ ವರ್ಷದಲ್ಲಿ ಬೇರು ಸಿಗುತ್ತೆ. 1890ರ ಅಕ್ಟೋಬರಿನಲ್ಲಿ ಚಕ್ರವರ್ತಿಯ ಶಿಕ್ಷಣ ಶಾಸನ ಹೊರಟಿತು. ವಿಶೇಷ ದಿನಗಳಲ್ಲಿ ಮಕ್ಕಳು, ಮೇಷ್ಟ್ರುಗಳು ಸಾಲಾಗಿ ನಿಂತು ಅದರ ಪಠಣ ಕೇಳಿ ತಲೆ ಬಾಗಿಸಬೇಕಿತ್ತು. 1891ರ ಜನವರಿಯಲ್ಲಿ ಉಚಿಮುರಾ ಕಾನ್‌ಜೋ ಎಂಬ ಮೇಷ್ಟ್ರು ಸಾಕಷ್ಟು ಬಾಗಲಿಲ್ಲ ಅಂತ ದೊಡ್ಡ ರಂಪವಾಗಿ ಕೆಲಸ ಕಳೆದುಕೊಂಡರು. 1948ರಲ್ಲಿ ಅಲ್ಲಿನ ಸಂಸತ್ತು ಆ ಶಾಸನವನ್ನು ತೆಗೆದುಹಾಕಿತು. ಸಾಲು, ಬಾಗುವುದು, ಕರಿ ಬಟ್ಟೆ ಉಳಿದುಕೊಂಡವು.

ಪೂರ್ತಿ ಸೂಟಿನ ಕಡೆ ವಾಲಿದ್ದೆ. ಆಗ, ಅಲ್ಲಿ ನಾಲ್ಕು ವರ್ಷ ಪಾಠ ಮಾಡಿ ಬಂದ ಗೆಳತಿಯೊಬ್ಬಳು ಒಂದು ವಿಷಯ ಹೇಳಿದಳು. ಮಾರ್ಚ್‌ನ ಬೀಳ್ಕೊಡುಗೆ ದಿನ ಎಷ್ಟೋ ಶಾಲೆಗಳಲ್ಲಿ ಕೊನೆಯ ತರಗತಿಯ ಟೀಚರಮ್ಮಂದಿರು ಸೂಟು ಹಾಕುವುದಿಲ್ಲ. ಕಿಮೊನೊ ಮೇಲೆ ಹಕಾಮಾ ಕಟ್ಟುತ್ತಾರೆ. ಹಕಾಮಾ ಅಂದರೆ ಸೊಂಟದಿಂದ ಪಾದದವರೆಗೆ ನೆರಿಗೆ ನೆರಿಗೆಯಾಗಿ ಇಳಿಯುವ ಲಂಗದಂಥದ್ದು. ಮೇಜಿ ಕಾಲದಲ್ಲಿ ಹೆಣ್ಣುಮಕ್ಕಳು ಶಾಲೆಗೆ ಹೋಗಲು ಶುರು ಮಾಡಿದಾಗ, ಬರೀ ಕಿಮೊನೊದಲ್ಲಿ ಬೆಂಚಿನ ಮೇಲೆ ಕೂರುವುದು, ಓಡಾಡುವುದು ಕಷ್ಟ ಅಂತ ಗಂಡಸರ ಹಕಾಮಾವನ್ನು ಅವರಿಗೆ ಒಗ್ಗಿಸಿದ್ದು. ಹೆಣ್ಣುಮಕ್ಕಳು ಓದಿದ ಮೊದಲ ದಿನಗಳ ಬಟ್ಟೆ ಅದು. ವರ್ಷವೆಲ್ಲ ಪ್ಯಾಂಟಿನಲ್ಲಿ ಓಡಾಡುವ ಟೀಚರು ಆ ಒಂದು ದಿನ ತಾನಾಗಿ ಆರಿಸಿಕೊಂಡು ಉಡುತ್ತಾಳೆ. ನನ್ನ ಹಳೆಯ ಶಾಲೆಯ ಸೀರೆಗೂ ಇದಕ್ಕೂ ವ್ಯತ್ಯಾಸ ಇದೆ ಅನ್ನಿಸಿತು.

ಅಮ್ಮನ ಬೀರು ತೆರೆಸಿದೆ. ನೇರಳೆ ಬಣ್ಣದ ಮೈಸೂರ್ ಸಿಲ್ಕ್. ನಮ್ಮ ರೇಷ್ಮೆಗೂ ಜಪಾನಿಗೂ ನಂಟಿದೆ ನೋಡಿ. ಬೆಂಗಳೂರಿನ ಬಸವನಗುಡಿ ಕಡೆ ಟಾಟಾ ಸಿಲ್ಕ್ ಫಾರ್ಮ್ ಅನ್ನೋ ಜಾಗ ಇದೆಯಲ್ಲ, 19ನೇ ಶತಮಾನದ ಕೊನೆಯಲ್ಲಿ ಜಮ್‌ಷೆಟ್‌ಜಿ ಟಾಟಾ ಅಲ್ಲಿ ಹುಳು ಸಾಕಣೆ ಕಲಿಸಲು ಜಪಾನಿನಿಂದ ದಂಪತಿಯನ್ನು ಕರೆಸಿದ್ದರು. ಅಂದರೆ ಅವರ ಕಡೆಯಿಂದ ಕಲಿಸಲು ಬಂದವರು ಮೊದಲು ಇಲ್ಲಿಗೆ ಬಂದಿದ್ದಾರೆ. ಇದನ್ನು ಅಮ್ಮನಿಗೆ ಹೇಳಿದೆ. "ಪಾಪ, ಇಲ್ಲಿನ ಊಟ ಹೇಗೆ ಹಿಡಿಸಿತೋ" ಅಂದಳು.

ಕೊನೆಗೆ ಆದದ್ದು ಇಷ್ಟು. ಸೂಟು ಒಳಗೆ ಹೋಯಿತು. ಮೊದಲ ದಿನಕ್ಕೆ ಅದೇ. 2005ರಿಂದ ಬೇಸಿಗೆಯಲ್ಲಿ ಕೋಟು, ಟೈ ಬೇಡ ಅನ್ನುವ ಪದ್ಧತಿಯನ್ನು ಅಲ್ಲಿನ ಸರ್ಕಾರವೇ ತಂದಿರುವುದರಿಂದ ಆಗಸ್ಟಿನಲ್ಲಿ ಬೆವರುವುದು ತಪ್ಪಬಹುದು. ನೇರಳೆ ಸೀರೆಯೂ ಹೋಯಿತು, ಮಾರ್ಚ್‌ನ ಆ ದಿನಕ್ಕೆ. ಅಷ್ಟು ಹೊತ್ತಿಗೆ ಮಕ್ಕಳಿಗೆ ನಾನು ಬೊಂಬೆಯೋ ಟೀಚರೋ ಅನ್ನೋದು ಗೊತ್ತಾಗಿರುತ್ತೆ. ಲಂಗ, ರವಿಕೆ ಸೇರಿ ತೂಕ 24 ಕಿಲೋ ದಾಟಿತು. ಅಣ್ಣ ಕುಕ್ಕರು ತೆಗೆಯೋಣ ಅಂದ. ಅಮ್ಮ ಸುಮ್ಮನೆ ಬಂದು ಒಂದು ನಿಘಂಟು ತೆಗೆದು ಕಪಾಟಿನಲ್ಲಿಟ್ಟಳು. ಅಲ್ಲಿ ಟಾಟಾಮಿ ಚಾಪೆಯ ಮೇಲೆ ಸೀರೆ ಉಟ್ಟು ನಡೆದ ಅನುಭವ ನಿಮ್ಮಲ್ಲಿ ಯಾರಿಗಾದರೂ ಇದ್ದರೆ, ಫಾಲ್ ಹೊಲಿಸಬೇಕಾ ಬೇಡವಾ ಅಂತ ದಯವಿಟ್ಟು ತಿಳಿಸಿ. ದರ್ಜಿ ಶನಿವಾರದ ಒಳಗೆ ಕೊಡಿ ಅಂದಿದ್ದಾನೆ.